‘ಡೈರೆಕ್ಟೋರಿಯಲ್’ ಎಂದರೆ ಯಾರದು?

(ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಭಾಷಣದ ಪೂರ್ಣ ಪಾಠ)



ಮುಂಬಯಿ, ಪುಣೆಯಂಥ ಊರುಗಳಲ್ಲಿರುವ ನಮ್ಮಲ್ಲಿ ಹಲವರು ಬೆಳಗಿನ ಕಾಫಿಯ ಜೊತೆ ಓದುವುದು ಇಂಗ್ಲಿಷ್ ಪತ್ರಿಕೆಯನ್ನು. ಅದರ ಸಿನಿಮಾ ಪುಟ ತಿರುವಿದರೆ ಒಂದು ಪದ ಕಣ್ಣಿಗೆ ಬಿದ್ದೇ ಬೀಳುತ್ತದೆ: ‘ಡೈರೆಕ್ಟೋರಿಯಲ್’. ಯಾವುದೋ ನಟನ ಡೈರೆಕ್ಟೋರಿಯಲ್ ಡೆಬ್ಯೂ, ಇನ್ಯಾರದೋ ಡೈರೆಕ್ಟೋರಿಯಲ್ ವೆಂಚರ್, ಮತ್ತೊಬ್ಬರ ಡೈರೆಕ್ಟೋರಿಯಲ್ ಟಚ್. ಕೇಳುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ: “ಡೈರೆಕ್ಟರ್ ಎಂದರೆ ನಿರ್ದೇಶಕ, ಅದು ಗೊತ್ತು. ಈ ಡೈರೆಕ್ಟೋರಿಯಲ್ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ? ಎಲ್ಲೆಲ್ಲಿ ಬಳಸಬಹುದು?” ಪ್ರಶ್ನೆ ಚಿಕ್ಕದು. ಆದರೆ ಉತ್ತರ ಹುಡುಕುತ್ತಾ ಹೋದರೆ ಅದು ‘ಈ ಸಿನಿಮಾ ಯಾರದು’ ಎನ್ನುವ ದೊಡ್ಡ ಪ್ರಶ್ನೆಯ ಬಾಗಿಲಿಗೆ ನಮ್ಮನ್ನು ತಂದು ನಿಲ್ಲಿಸುತ್ತದೆ. ಇಂದು ಆ ದಾರಿಯಲ್ಲಿ ಸ್ವಲ್ಪ ನಡೆದು ಬರೋಣ.

ಮೊದಲು ಉಚ್ಚಾರ. ಡೈರೆಕ್ಟರ್ ಎನ್ನುವಾಗ ಒತ್ತು ಬೀಳುವುದು ‘ರೆಕ್’ ಮೇಲೆ. ಡೈರೆಕ್ಟೋರಿಯಲ್ ಎನ್ನುವಾಗ ಅದು ಮುಂದಕ್ಕೆ ಸರಿದು ‘ಟೋ’ ಮೇಲೆ ಕೂರುತ್ತದೆ. ಮೊದಲ ಅಕ್ಷರವನ್ನು ‘ಡೈ’ ಎಂದರೂ ಸರಿ, ‘ಡಿ’ ಎಂದರೂ ಸರಿ. ಈ ಪದಕ್ಕೆ ಅಣ್ಣತಮ್ಮಂದಿರೂ ಇದ್ದಾರೆ. ಎಡಿಟರ್ – ಎಡಿಟೋರಿಯಲ್, ಟ್ಯೂಟರ್ – ಟ್ಯೂಟೋರಿಯಲ್, ಡಿಕ್ಟೇಟರ್ – ಡಿಕ್ಟೇಟೋರಿಯಲ್. ಕೊನೆಯದು ಸರ್ವಾಧಿಕಾರಿಗೆ ಸಂಬಂಧಿಸಿದ್ದು. ಕೆಲವು ನಿರ್ದೇಶಕರ ಸೆಟ್ಟಿನಲ್ಲಿ ಕೆಲಸ ಮಾಡಿದವರಿಗೆ ಡೈರೆಕ್ಟೋರಿಯಲ್‌ಗೂ ಡಿಕ್ಟೇಟೋರಿಯಲ್‌ಗೂ ಹೆಚ್ಚು ದೂರವಿಲ್ಲ ಎನಿಸಿದರೆ ಆಶ್ಚರ್ಯವಿಲ್ಲ! ಆದರೆ ‘ಡೈರೆಕ್ಷನಲ್’ ಎಂಬ ಪದವನ್ನು ಮಾತ್ರ ಇದರ ಜೊತೆ ಬೆರೆಸಬಾರದು. ಡೈರೆಕ್ಷನಲ್ ಎಂದರೆ ದಿಕ್ಕಿಗೆ ಸಂಬಂಧಿಸಿದ್ದು. ಒಂದೇ ದಿಕ್ಕಿನ ಧ್ವನಿಯನ್ನು ಹೆಚ್ಚು ಹಿಡಿಯುವ ಮೈಕನ್ನು ನಾವು ರೇಡಿಯೋದವರು ಡೈರೆಕ್ಷನಲ್ ಮೈಕ್ ಎನ್ನುತ್ತೇವೆ.

ಈ ಪದ ಸಿನಿಮಾ ಜೊತೆ ಹುಟ್ಟಿದ್ದಲ್ಲ. ಇದರ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ನೇರ ಮಾಡು, ದಾರಿ ಹಿಡಿಸು ಎಂಬುದು ಮೂಲದ ಅರ್ಥ. ಫ್ರಾನ್ಸಿನ ಮಹಾಕ್ರಾಂತಿಯ ನಂತರ 1795ರಿಂದ 1799ರವರೆಗೆ ಐದು ಜನ ಡೈರೆಕ್ಟರುಗಳು ಸೇರಿ ದೇಶ ಆಳಿದರು. ಆ ಆಡಳಿತಕ್ಕೂ ಡೈರೆಕ್ಟೋರಿಯಲ್ ಎನ್ನುವ ಮಾತಿದೆ. ಸ್ವಿಟ್ಜರ್ಲೆಂಡಿನಲ್ಲಿ ಏಳು ಜನರ ಮಂಡಳಿ ಸರ್ಕಾರ ನಡೆಸುತ್ತದೆ; ರಾಜ್ಯಶಾಸ್ತ್ರದವರು ಅದನ್ನೂ ಡೈರೆಕ್ಟೋರಿಯಲ್ ಪದ್ಧತಿ ಎನ್ನುತ್ತಾರೆ. ಇನ್ನು ನಿಮ್ಮಲ್ಲಿ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಬೋರ್ಡಿನ ಡೈರೆಕ್ಟರುಗಳು ಗೊತ್ತೇ ಇದ್ದಾರೆ. ಅವರ ಕರ್ತವ್ಯಗಳೂ ಡೈರೆಕ್ಟೋರಿಯಲ್ ಕರ್ತವ್ಯಗಳೇ. ಹಾಗಾಗಿ ಪದ ಕಂಡ ಕೂಡಲೇ ಸಿನಿಮಾ ಎಂದು ತಿಳಿಯಬೇಡಿ. ಅಕ್ಕಪಕ್ಕದ ಮಾತು ನೋಡಿ ಅರ್ಥ ಮಾಡಿಕೊಳ್ಳಿ.

ಈಗ ಬಳಕೆ. ಇಂಗ್ಲಿಷಿನಲ್ಲಿ ವಿಶೇಷಣಗಳು ಎರಡು ಬಗೆ. ಒಂದು, ಗುಣ ಹೇಳುವಂಥವು: ದೊಡ್ಡದು, ಚೆಂದದ್ದು, ಕಹಿಯಾದದ್ದು. ಇನ್ನೊಂದು, ಸಂಬಂಧ ಹೇಳುವಂಥವು: ವೈದ್ಯಕೀಯ, ಆಡಳಿತಾತ್ಮಕ. ಡೈರೆಕ್ಟೋರಿಯಲ್ ಈ ಎರಡನೆಯ ಬಗೆಯದು. ಒಂದು ಮನೆ ‘ತುಂಬಾ ದೊಡ್ಡದು’ ಎನ್ನಬಹುದು. ಒಂದು ಆಸ್ಪತ್ರೆ ‘ತುಂಬಾ ವೈದ್ಯಕೀಯ’ ಎಂದರೆ ಜನ ನಗುತ್ತಾರೆ. ಹಾಗೆಯೇ ಒಂದು ಸಿನಿಮಾ ‘ವೆರಿ ಡೈರೆಕ್ಟೋರಿಯಲ್’ ಆಗಿತ್ತು ಎನ್ನುವುದು ಸರಿಯಾದ ಬಳಕೆಯಲ್ಲ. ಈ ಪದ ಸಾಮಾನ್ಯವಾಗಿ ನಾಮಪದದ ಹಿಂದೆ ಅಂಟಿಕೊಂಡೇ ಬರುತ್ತದೆ: ಡೈರೆಕ್ಟೋರಿಯಲ್ ಸ್ಟೈಲ್, ಡೈರೆಕ್ಟೋರಿಯಲ್ ವಿಷನ್, ಡೈರೆಕ್ಟೋರಿಯಲ್ ಕಂಟ್ರೋಲ್. ಅದು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ‘ಇದು ನಿರ್ದೇಶಕನ ಪಾಲಿನದು’ ಎಂದು ಬೆರಳು ತೋರಿಸುವುದಷ್ಟೇ ಅದರ ಕೆಲಸ.

ಬೆರಳು ತೋರಿಸುವುದು ಯಾಕೆ ಬೇಕು? ಒಬ್ಬನೇ ಮನುಷ್ಯ ಹಲವು ಕೆಲಸ ಮಾಡುವುದರಿಂದ. ಶಂಕರ್ ನಾಗ್ ಅವರನ್ನೇ ತೆಗೆದುಕೊಳ್ಳಿ. 1978ರ ‘ಒಂದಾನೊಂದು ಕಾಲದಲ್ಲಿ’ ಅವರು ನಟರಾಗಿ ಬೆಳಕಿಗೆ ಬಂದ ಚಿತ್ರ. ಅದರ ನಿರ್ದೇಶನ ಗಿರೀಶ್ ಕಾರ್ನಾಡರದು. ಶಂಕರ್ ತಾವೇ ನಿರ್ದೇಶಿಸಿದ ಮೊದಲ ಚಿತ್ರ 1980ರ ‘ಮಿಂಚಿನ ಓಟ’. ಬರೀ ‘ಡೆಬ್ಯೂ’ ಎಂದರೆ ಇವೆರಡರಲ್ಲಿ ಯಾವುದೆಂದು ಗೊಂದಲ. ‘ಡೈರೆಕ್ಟೋರಿಯಲ್ ಡೆಬ್ಯೂ’ ಎಂದಾಗ ಎರಡನೆಯದು ಎಂದು ಖಚಿತ.

ಕಾರ್ನಾಡರ ವಿಷಯ ಇನ್ನೂ ಸ್ವಾರಸ್ಯದ್ದು. 1970ರ ‘ಸಂಸ್ಕಾರ’ದಲ್ಲಿ ಅವರು ನಟ ಮತ್ತು ಚಿತ್ರಕಥೆಗಾರ. 1971ರ ‘ವಂಶವೃಕ್ಷ’ದಲ್ಲಿ ಬಿ.ವಿ. ಕಾರಂತರ ಜೊತೆಗೂಡಿ ನಿರ್ದೇಶಕ. ಒಬ್ಬರೇ ನಿಂತು ನಿರ್ದೇಶಿಸಿದ ಮೊದಲ ಕಥಾಚಿತ್ರ 1973ರ ‘ಕಾಡು’. ಹಾಗಾದರೆ ಮೊದಲ ನಿರ್ದೇಶನ ಯಾವುದು? ‘ವಂಶವೃಕ್ಷ’ವೇ. ‘ಕಾಡು’ವನ್ನು ಹೇಳಬೇಕಾದರೆ ‘ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರ’ ಎನ್ನಬೇಕು. ಪುಟ್ಟಣ್ಣ ಕಣಗಾಲ್ ಎಂದೊಡನೆ ನಾವೆಲ್ಲ 1967ರ ‘ಬೆಳ್ಳಿಮೋಡ’ ಎನ್ನುತ್ತೇವೆ. ಆದರೆ ಬಿ.ಆರ್. ಪಂತುಲು ಅವರ ಕೈಕೆಳಗೆ ಮದರಾಸಿನಲ್ಲಿ ಪಳಗಿದ ಪುಟ್ಟಣ್ಣ, ಅದಕ್ಕಿಂತ ಮೊದಲೇ, 1964ರಲ್ಲಿ, ಮಲಯಾಳದ ‘ಸ್ಕೂಲ್ ಮಾಸ್ಟರ್’ ನಿರ್ದೇಶಿಸಿದ್ದರು. ‘ಬೆಳ್ಳಿಮೋಡ’ ಅವರ ಮೊದಲ ಕನ್ನಡ ನಿರ್ದೇಶನ. ಒಂದೊಂದು ವಿಶೇಷಣಕ್ಕೂ ಹೀಗೆ ಒಂದೊಂದು ಲೆಕ್ಕ ಇದೆ.

ಅಂದ ಹಾಗೆ, ಕೆಲವರು ‘ಮೇಡನ್ ಡೈರೆಕ್ಟೋರಿಯಲ್ ಡೆಬ್ಯೂ’ ಎಂದು ಬರೆಯುತ್ತಾರೆ. ಮೇಡನ್ ಎಂದರೂ ಮೊದಲನೆಯದು, ಡೆಬ್ಯೂ ಎಂದರೂ ಮೊದಲ ಪ್ರವೇಶ. ನಾವು ‘ನಡುಮಧ್ಯೆ’, ‘ಗೇಟು ಬಾಗಿಲು’ ಅನ್ನುವುದಿಲ್ಲವೇ, ಆ ಥರ. ಆಡುಮಾತಿನಲ್ಲಿ ನಡೆಯುತ್ತದೆ, ಬರವಣಿಗೆಯಲ್ಲಿ ಒಂದನ್ನು ಬಿಟ್ಟರೆ ಚೆನ್ನ.

ಇಲ್ಲಿಯವರೆಗೆ ಲೆಕ್ಕ ಸುಲಭ. ‘ಡೈರೆಕ್ಟೋರಿಯಲ್ ಟಚ್’, ‘ಡೈರೆಕ್ಟೋರಿಯಲ್ ವಿಷನ್’ ಎಂದಾಗ ಕಷ್ಟ ಶುರುವಾಗುತ್ತದೆ. ತೆರೆಯ ಮೇಲೆ ಕಂಡದ್ದರಲ್ಲಿ ಯಾವುದು ನಿರ್ದೇಶಕನದು, ಯಾವುದು ಬೇರೆಯವರದು?

ನಮ್ಮ ಬೆಂಗಳೂರಿನಲ್ಲಿ 1925ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಹೆಸರು ಮಾಡಿದ ಗುರುದತ್ ಅವರ 1959ರ ‘ಕಾಗಜ್ ಕೆ ಫೂಲ್’ ನಿಮ್ಮಲ್ಲಿ ಅನೇಕರು ನೋಡಿರಬಹುದು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಕಥಾನಾಯಕನೂ ಒಬ್ಬ ಸಿನಿಮಾ ನಿರ್ದೇಶಕನೇ. ಅದರಲ್ಲೊಂದು ಹಾಡಿದೆ. ಖಾಲಿ ಸ್ಟುಡಿಯೋ. ಮೇಲಿನಿಂದ ಓರೆಯಾಗಿ ಇಳಿಯುವ ದಪ್ಪ ಬೆಳಕಿನ ಕಂಬ. ಅದರ ಆಚೆ ಈಚೆ ನಿಂತ ಗುರುದತ್ ಮತ್ತು ವಹೀದಾ ರೆಹಮಾನ್. ಇಬ್ಬರೂ ತುಟಿ ಅಲುಗಿಸುವುದಿಲ್ಲ. ಹಾಡು ಅವರ ಮನಸ್ಸಿನ ಮಾತಿನಂತೆ ಹಿನ್ನೆಲೆಯಲ್ಲಿ ಕೇಳಿಸುತ್ತದೆ. ಈ ದೃಶ್ಯವನ್ನು ಹೊಗಳುವವರು ‘ಗುರುದತ್ತರ ಡೈರೆಕ್ಟೋರಿಯಲ್ ವಿಷನ್’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಸ್ವಲ್ಪ ನಿಧಾನಿಸಿ, ಬಿಡಿಸಿ ನೋಡೋಣ. ಸಾಹಿತ್ಯ ಕೈಫಿ ಆಜ್ಮಿಯವರದು. ಸಂಗೀತ ಎಸ್.ಡಿ. ಬರ್ಮನ್ ಅವರದು. ಕಂಠ ಗೀತಾ ದತ್ ಅವರದು. ಆ ಬೆಳಕಿನ ಕಂಬ? ಅದು ಮೈಸೂರಿನವರಾದ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿಯವರದು. ದೊಡ್ಡ ಕನ್ನಡಿಗಳನ್ನು ಬಳಸಿ ಹೊರಗಿನ ಬಿಸಿಲನ್ನೇ ಸ್ಟುಡಿಯೋದ ಕತ್ತಲೆಯೊಳಗೆ ಹಾಯಿಸಿದವರು ಅವರು. ಹಾಗಾದರೆ ಗುರುದತ್ತರದು ಏನು ಉಳಿಯಿತು?

ಬಹಳ ಉಳಿಯಿತು. ಅಷ್ಟು ದೊಡ್ಡ ಜಾಗದಲ್ಲಿ ಇಬ್ಬರನ್ನು ದೂರ ನಿಲ್ಲಿಸಿದ್ದು, ಹಾಡನ್ನು ಅವರ ಬಾಯಲ್ಲಿ ಹಾಡಿಸದೆ ಇದ್ದದ್ದು, ಕಥೆಯಲ್ಲಿ ಈ ಜಾಗಕ್ಕೇ ಈ ಹಾಡನ್ನು ತಂದದ್ದು, ಮೂರ್ತಿಯವರ ಬೆಳಕನ್ನು ಕಂಡು ‘ಇದು ಬೇಕು’ ಎಂದು ಒಪ್ಪಿದ್ದು. ನಿರ್ದೇಶಕನ ಕೆಲಸ ಎಂದರೆ ಮುಖ್ಯವಾಗಿ ಇದೇ: ಆರಿಸುವುದು. ಹತ್ತು ಜನ ಹತ್ತು ಒಳ್ಳೆಯ ವಸ್ತು ತಂದಿಟ್ಟಾಗ ಇದಿರಲಿ, ಅದು ಬೇಡ ಎಂದು ಹೇಳುವುದು; ಇಟ್ಟುಕೊಂಡದ್ದೆಲ್ಲ ಒಂದೇ ಭಾವಕ್ಕೆ ದುಡಿಯುವಂತೆ ನೋಡಿಕೊಳ್ಳುವುದು. ತಪ್ಪಿದರೆ ಹೊಣೆ ಹೊರುವವನೂ ಅವನೇ. ‘ಕಾಗಜ್ ಕೆ ಫೂಲ್’ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಆಮೇಲೆ ಗುರುದತ್ ಯಾವ ಚಿತ್ರಕ್ಕೂ ನಿರ್ದೇಶಕನೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ.

ಇಲ್ಲಿಂದ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. 1962ರಲ್ಲಿ ಗುರುದತ್ ನಿರ್ಮಿಸಿ ನಟಿಸಿದ ‘ಸಾಹಿಬ್ ಬೀಬಿ ಔರ್ ಗುಲಾಮ್’ ಬಂತು. ನಿರ್ದೇಶನ ಎಂದು ತೆರೆಯ ಮೇಲೆ ಬರುವ ಹೆಸರು ಅಬ್ರಾರ್ ಅಲ್ವಿ; ಅವರು ಗುರುದತ್ತರ ಚಿತ್ರಗಳ ಬರಹಗಾರರು. ಆ ಚಿತ್ರಕ್ಕೆ ಫಿಲ್ಮ್‌ಫೇರ್‌ನ ಉತ್ತಮ ನಿರ್ದೇಶಕ ಪ್ರಶಸ್ತಿಯೂ ಅಲ್ವಿಯವರಿಗೇ ಬಂತು. ಆದರೂ ಚಿತ್ರ ನೋಡಿದ ಎಷ್ಟೋ ಜನ ‘ಇದು ಗುರುದತ್ತರ ನಿರ್ದೇಶನವೇ’ ಎಂದು ವಾದಿಸುತ್ತಲೇ ಬಂದರು. ಹಾಡುಗಳನ್ನು ಚಿತ್ರಿಸಿದ್ದು ಗುರುದತ್ ಎಂಬುದನ್ನು ಅಲ್ವಿಯವರೂ ಒಪ್ಪಿದ್ದರು; ಉಳಿದದ್ದು ತಮ್ಮ ಕೆಲಸ ಎನ್ನುವುದರಲ್ಲಿ ಅವರು ಕೊನೆಯವರೆಗೂ ಗಟ್ಟಿಯಾಗಿದ್ದರು. ಕ್ಯಾಮೆರಾ ಇಲ್ಲಿಯೂ ಮೂರ್ತಿಯವರದೇ. ಹಾಗಿದ್ದರೆ ಜನ ‘ಗುರುದತ್ ಶೈಲಿ’ ಎಂದು ಗುರುತಿಸಿದ ನೆರಳು ಬೆಳಕಿನಲ್ಲಿ ಎಷ್ಟು ಪಾಲು ನಿಜವಾಗಿ ಮೂರ್ತಿಯವರ ಶೈಲಿ? ಯೋಚಿಸಬೇಕಾದ ಮಾತು. ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ‘ಕಾಗಜ್ ಕೆ ಫೂಲ್’ ತೆರೆಗೆ ಬಂದು ಆಗಲೇ ಐವತ್ತು ವರ್ಷವಾಗಿತ್ತು.

ನಾನು ಹೇಳಬೇಕೆಂದಿರುವುದು ಇಷ್ಟು: ಡೈರೆಕ್ಟೋರಿಯಲ್ ಎಂಬ ಪದ ಹುಟ್ಟಿದ್ದು ಪಾಲು ಬೇರೆ ಮಾಡಿ ತೋರಿಸಲಿಕ್ಕೆ. ನಾವು ಅದನ್ನು ಎಲ್ಲರ ಪಾಲನ್ನೂ ಒಬ್ಬರ ಎಲೆಗೆ ಬಡಿಸಲು ಬಳಸುತ್ತಿದ್ದೇವೆ. ಬೆಳಕು ಚೆನ್ನಾಗಿದ್ದರೂ ಡೈರೆಕ್ಟೋರಿಯಲ್ ಟಚ್, ಮಾತು ಚೆನ್ನಾಗಿದ್ದರೂ ಡೈರೆಕ್ಟೋರಿಯಲ್ ಟಚ್. ಹಾಗಾದರೆ ಬೆಳಕು ಕೊಟ್ಟವನ, ಮಾತು ಬರೆದವನ ಹೆಸರು ಎಲ್ಲಿ ಹೋಯಿತು?

ನಿರ್ದೇಶಕನೇ ಚಿತ್ರದ ಕರ್ತೃ ಎನ್ನುವ ವಾದಕ್ಕೆ ದೊಡ್ಡ ಇತಿಹಾಸವಿದೆ. ಫ್ರಾನ್ಸಿನ ‘ಕಾಯೆ ದು ಸಿನೆಮಾ’ ಪತ್ರಿಕೆಯಲ್ಲಿ 1954ರಲ್ಲಿ ತರುಣ ಫ್ರಾನ್ಸ್ವಾ ತ್ರುಫೋ ಬರೆದ ಲೇಖನ ಆ ಚರ್ಚೆಗೆ ಕಿಡಿ ಹೊತ್ತಿಸಿತು. ಅಮೆರಿಕದ ವಿಮರ್ಶಕ ಆಂಡ್ರೂ ಸ್ಯಾರಿಸ್ 1962ರಲ್ಲಿ ಅದಕ್ಕೆ ‘ಆತರ್ ಥಿಯರಿ’ ಎಂಬ ಹೆಸರು ಕೊಟ್ಟರು. ಆತರ್ ಎಂದರೆ ಕರ್ತೃ. ನೂರಾರು ಜನ ಸೇರಿ ಮಾಡಿದರೂ ಒಳ್ಳೆಯ ನಿರ್ದೇಶಕನ ಚಿತ್ರಗಳಲ್ಲಿ ಅವನ ಕೈಗುರುತು ಉದ್ದಕ್ಕೂ ಕಾಣುತ್ತದೆ ಎನ್ನುವುದು ಅದರ ಸಾರ. ಇದರಲ್ಲಿ ಸತ್ಯವಿದೆ. ಗಿರೀಶ್ ಕಾಸರವಳ್ಳಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಹೊರಬಂದು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ ಚಿತ್ರವನ್ನು ನೋಡಿ. ಕಥೆ ಯು.ಆರ್. ಅನಂತಮೂರ್ತಿಯವರದು, ಛಾಯಾಗ್ರಹಣ ಎಸ್. ರಾಮಚಂದ್ರ ಅವರದು, ಸಂಗೀತ ಬಿ.ವಿ. ಕಾರಂತರದು. ಆದರೆ ವಿಧವೆ ಯಮುನಾಳ ದುರಂತವನ್ನು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಲ್ಲಿಯೇ ನಾವು ನೋಡುವಂತೆ, ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗಿ ಕರುಳು ಹಿಂಡುವಂತೆ ಎಲ್ಲವನ್ನೂ ಹಿಡಿದು ನಿಲ್ಲಿಸಿದ್ದು ನಿರ್ದೇಶನ. ಮೊದಲ ಚಿತ್ರಕ್ಕೇ ಸ್ವರ್ಣಕಮಲ ಬಂದದ್ದು ಸುಮ್ಮನಲ್ಲ. 2024ರಲ್ಲಿ ಆ ಚಿತ್ರದ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಇಂಥ ಕಡೆ ಡೈರೆಕ್ಟೋರಿಯಲ್ ವಿಷನ್ ಎಂದರೆ ಆ ಪದಕ್ಕೂ ಗೌರವ, ಬೇರೆಯವರಿಗೂ ಅನ್ಯಾಯವಿಲ್ಲ.

ಇನ್ನು, ನಮ್ಮ ದೇಶದ ಇಂಗ್ಲಿಷ್ ಈ ಪದಕ್ಕೆ ಒಂದು ಹೊಸ ಬಳಕೆಯನ್ನೇ ಕೊಟ್ಟಿದೆ. ಸಿನಿಮಾ ಪುಟದಲ್ಲಿ ‘ಅವರ ಹೊಸ ಡೈರೆಕ್ಟೋರಿಯಲ್ ಈ ವಾರ ತೆರೆಗೆ’ ಎಂದು ಓದಿರುತ್ತೀರಿ. ಇಲ್ಲಿ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ವಿಶೇಷಣವೇ ನಾಮಪದವಾಗಿ ಕೂತಿದೆ. ‘ಅವರು ನಿರ್ದೇಶಿಸಿದ ಚಿತ್ರ’ ಎಂದು ಅರ್ಥ. ಸಂಪ್ರದಾಯಸ್ಥರು ಇದನ್ನು ತಪ್ಪು ಎನ್ನುತ್ತಾರೆ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ, ವಿದೇಶಕ್ಕೆ ಬರೆಯುವ ಪತ್ರದಲ್ಲಿ ಹೀಗೆ ಬರೆಯದಿರುವುದೇ ಒಳ್ಳೆಯದು. ಆದರೆ ಅಣ್ಣನ ಕಥೆ ನೆನಪಿಸಿಕೊಳ್ಳಿ. ಎಡಿಟೋರಿಯಲ್ ಕೂಡ ಮೊದಲು ವಿಶೇಷಣವೇ, ಸಂಪಾದಕರಿಗೆ ಸಂಬಂಧಿಸಿದ್ದು ಎಂದು. ಈಗ ಅದು ಪತ್ರಿಕೆಯ ಅಗ್ರಲೇಖನದ ಹೆಸರೇ ಆಗಿದೆ. ಕನ್ನಡದ ‘ಸಂಪಾದಕೀಯ’ವೂ ಅದೇ ದಾರಿಯಲ್ಲಿ ನಡೆದದ್ದು. ಟ್ಯೂಟೋರಿಯಲ್ ಅಂತೂ ಮನೆಮಾತು. ತಮ್ಮನೂ ಅದೇ ದಾರಿ ಹಿಡಿದಿದ್ದಾನೆ. ಮನೆಗೆ ತಲುಪುತ್ತಾನೋ ಇಲ್ಲವೋ ಕಾಲ ಹೇಳಬೇಕು.

ಕನ್ನಡದಲ್ಲಿ ಏನನ್ನಬೇಕು ಎನ್ನುವ ಮೂಲ ಪ್ರಶ್ನೆಗೆ ಬರೋಣ. ಅದಕ್ಕೆ ಮೊದಲು ನಮ್ಮ ಅಕ್ಕಪಕ್ಕದ ಮನೆಗಳಲ್ಲಿ ಏನನ್ನುತ್ತಾರೆ ನೋಡೋಣ. ಹೊರನಾಡಿನಲ್ಲಿರುವ ನಮಗೆ ಇದೊಂದು ಲಾಭ. ಮರಾಠಿಯಲ್ಲಿ ನಿರ್ದೇಶಕ ‘ದಿಗ್ದರ್ಶಕ’, ದಿಕ್ಕು ತೋರಿಸುವವನು. ಅವರಲ್ಲಿ ‘ದಿಗ್ದರ್ಶಕೀಯ ಪದಾರ್ಪಣ’ ಎಂದು ಡೈರೆಕ್ಟೋರಿಯಲ್ ಡೆಬ್ಯೂಗೆ ನೇರ ಪದವಿದೆ. ತೆಲುಗಿನಲ್ಲಿ ‘ದರ್ಶಕುಡು’, ಅವನ ಕೆಲಸ ‘ದರ್ಶಕತ್ವಂ’. ತಮಿಳಿನಲ್ಲಿ ‘ಇಯಕ್ಕುನರ್’, ಚಲಿಸುವಂತೆ ಮಾಡುವವನು, ನಡೆಸುವವನು. ಹಿಂದಿಯವರೂ ನಮ್ಮಂತೆ ‘ನಿರ್ದೇಶಕ’ ಎನ್ನುತ್ತಾರೆ. ಒಬ್ಬ ದಿಕ್ಕು ತೋರಿಸುತ್ತಾನೆ, ಒಬ್ಬ ಕಾಣಿಸುತ್ತಾನೆ, ಒಬ್ಬ ನಡೆಸುತ್ತಾನೆ. ಒಂದೇ ಕುರ್ಚಿಯಲ್ಲಿ ಕೂತವನನ್ನು ಒಂದೊಂದು ಭಾಷೆ ಒಂದೊಂದು ಕಡೆಯಿಂದ ನೋಡಿದೆ.

ಕನ್ನಡದಲ್ಲಿ ‘ಸಂಪಾದಕೀಯ’ದ ಮಾದರಿಯಲ್ಲಿ ‘ನಿರ್ದೇಶಕೀಯ’ ಎಂದು ಕಟ್ಟಬಹುದು. ವ್ಯಾಕರಣ ಬೇಡ ಎನ್ನುವುದಿಲ್ಲ, ಆದರೆ ಜನ ಅದನ್ನು ಹೆಚ್ಚು ಕೈಗೆತ್ತಿಕೊಂಡಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ನಮ್ಮಲ್ಲಿ ಇಂಥ ಸಂಬಂಧ ಹೇಳಲು ಷಷ್ಠೀ ವಿಭಕ್ತಿ ಸಾಕು: ‘ನಿರ್ದೇಶನದ’. ನಿರ್ದೇಶನದ ಶೈಲಿ, ನಿರ್ದೇಶನದ ಹಿಡಿತ, ನಿರ್ದೇಶನದ ಅನುಭವ. ಇಲ್ಲೊಂದು ಸೂಕ್ಷ್ಮ ಗಮನಿಸಿ. ಇಂಗ್ಲಿಷಿನ ಪದ ಡೈರೆಕ್ಟರ್ ಎಂಬ ವ್ಯಕ್ತಿಯಿಂದ ಹೊರಟದ್ದು. ಕನ್ನಡದ ‘ನಿರ್ದೇಶನದ’ ಎನ್ನುವುದು ಕೆಲಸದಿಂದ ಹೊರಟದ್ದು. ವ್ಯಕ್ತಿಯನ್ನು ಬಿಟ್ಟು ಕೆಲಸವನ್ನು ಹಿಡಿದರೆ ಛಾಯಾಗ್ರಹಣದ ಕೆಲಸ, ಸಂಕಲನದ ಕೆಲಸ, ಸಂಗೀತದ ಕೆಲಸ ಎಂದು ಉಳಿದವೂ ಪಕ್ಕದಲ್ಲಿ ಸಾಲಾಗಿ ಬಂದು ನಿಲ್ಲುತ್ತವೆ. ಯಾರನ್ನೂ ಹೊರಗೆ ನಿಲ್ಲಿಸಿದಂತೆ ಆಗುವುದಿಲ್ಲ.

ಡೆಬ್ಯೂ ಎನ್ನುವುದಕ್ಕಂತೂ ನಮ್ಮ ಪತ್ರಕರ್ತರು ಚಿನ್ನದಂಥ ಪದ ಹುಡುಕಿದ್ದಾರೆ: ‘ಚೊಚ್ಚಲ’. ಚೊಚ್ಚಲ ಬಸಿರು, ಚೊಚ್ಚಲ ಹೆರಿಗೆ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಮನೆಯೊಳಗಿನ ಮಾತು ಅದು. ‘ಚೊಚ್ಚಲ ನಿರ್ದೇಶನದ ಚಿತ್ರ’ ಎಂದಾಗ ಮೊದಲ ಸಲದ ಭಯ, ನೋವು, ಆಸೆ ಎಲ್ಲವೂ ಅದರೊಳಗೆ ಬಂದುಬಿಡುತ್ತದೆ. 2014ರ ‘ಉಳಿದವರು ಕಂಡಂತೆ’ ರಕ್ಷಿತ್ ಶೆಟ್ಟಿಯವರ ಚೊಚ್ಚಲ ನಿರ್ದೇಶನ. 2017ರ ‘ಒಂದು ಮೊಟ್ಟೆಯ ಕಥೆ’ ರಾಜ್ ಬಿ. ಶೆಟ್ಟಿಯವರ ಚೊಚ್ಚಲ ನಿರ್ದೇಶನ. ಹೇಳಿ ನೋಡಿ, ಬಾಯಿಗೆ ಎಷ್ಟು ಹಿತವಾಗಿದೆ! ಇದಲ್ಲದೆ ‘ಆ್ಯಕ್ಷನ್ ಕಟ್ ಹೇಳಿದ್ದಾರೆ’ ಎಂಬ ಇನ್ನೊಂದು ನುಡಿಗಟ್ಟೂ ಗಾಂಧಿನಗರದ ಪತ್ರಿಕೋದ್ಯಮದಲ್ಲಿ ಬೇರೂರಿದೆ. ಪದಗಳು ಇಂಗ್ಲಿಷಿನವು, ನುಡಿಗಟ್ಟು ಮಾತ್ರ ನಮ್ಮದೇ. ಇಂಗ್ಲಿಷಿನವರಿಗೆ ಹೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ.

ಹಾಗಾಗಿ ಪ್ರಶ್ನೆ ಕಳಿಸಿದವರಿಗೆ ನನ್ನ ಉತ್ತರ: ಇಂಗ್ಲಿಷಿನಲ್ಲಿ ಬರೆಯುವಾಗ ಡೈರೆಕ್ಟೋರಿಯಲ್ ಪದವನ್ನು ಧಾರಾಳವಾಗಿ ಬಳಸಿ, ಮುಂದೆ ಒಂದು ನಾಮಪದ ಇರಲಿ. ಕನ್ನಡದಲ್ಲಿ ‘ನಿರ್ದೇಶನದ’ ಎನ್ನಿ, ಮೊದಲನೆಯದಾದರೆ ‘ಚೊಚ್ಚಲ ನಿರ್ದೇಶನದ’ ಎನ್ನಿ. ಎರಡೂ ಭಾಷೆಗಳಲ್ಲಿ, ಹೊಗಳುವ ಮುನ್ನ ಒಮ್ಮೆ ಕೇಳಿಕೊಳ್ಳಿ: ನನಗೆ ಹಿಡಿಸಿದ್ದು ಯಾರ ಕೆಲಸ?

ಉತ್ತರ ಕಷ್ಟವೇನಲ್ಲ. ಇಂದಿನ ಸಿನಿಮಾಗಳಲ್ಲಿ ಹೆಸರುಗಳ ಉದ್ದನೆಯ ಪಟ್ಟಿ ಕೊನೆಯಲ್ಲಿ ಬರುತ್ತದೆ. ದೀಪ ಹೊತ್ತಿದ ಕೂಡಲೇ ನಾವು ಪಾರ್ಕಿಂಗ್ ಕಡೆ ಓಡುತ್ತೇವೆ. ಮನೆಯಲ್ಲಿ ಟೀವಿ ಮುಂದೆ ಕೂತಿದ್ದರೆ ರಿಮೋಟ್ ಒತ್ತಿ ಮುಂದಿನದಕ್ಕೆ ಹಾರುತ್ತೇವೆ. ಈ ಭಾನುವಾರ ಒಂದು ಕೆಲಸ ಮಾಡಿ. ಯಾವುದಾದರೂ ಒಂದು ಸಿನಿಮಾ ನೋಡಿ, ಆ ಪಟ್ಟಿ ಮುಗಿಯುವವರೆಗೆ ಕೂತಿರಿ. ಬೆಳಕಿನವರು, ಧ್ವನಿಯವರು, ಸಂಕಲನದವರು, ಉಡುಪಿನವರು ಒಬ್ಬೊಬ್ಬರಾಗಿ ಬಂದು ಹೋಗುತ್ತಾರೆ. ಅವರ ಹೆಸರುಗಳನ್ನು ಓದಿದ ಮೇಲೆ ‘ಡೈರೆಕ್ಟೋರಿಯಲ್ ಟಚ್’ ಎಂದು ಹೇಳಬೇಕೆನಿಸಿದರೆ ಖಂಡಿತ ಹೇಳಿ. ಆಗ ಆ ಮಾತಿಗೆ ತೂಕವಿರುತ್ತದೆ.

ಮುಂದಿನ ವಾರ ಇನ್ನೊಂದು ಪದದೊಂದಿಗೆ ಭೇಟಿಯಾಗೋಣ. ನಿಮ್ಮ ಪ್ರಶ್ನೆಗಳು ಬರುತ್ತಿರಲಿ.